ತಪ್ಪಿನ ಗುಂಡಿ

ರೆಕಾರ್ಡರ್ ಮೇಜಿನ ಮೇಲಿಡು, ಹುಡುಗ, ಸಕ್ಕರೆ ಡಬ್ಬಿಯ ಪಕ್ಕ.
ಯಾರು ದೊಡ್ಡ ನಿರೂಪಕ ಅಂತ ಕೇಳಲು
ಟೊಲೀಡೊದ ಈ ಹಿಮದಲ್ಲಿ ಎರಡು ಬಸ್ಸು ಬದಲಿಸಿ ಬಂದಿದ್ದೀಯ.
ಕೇಳುತ್ತಿರುವುದು ಮಾತ್ರ ಗಾಜಿನ ಹಿಂದೆ ಕೂತಿದ್ದವಳನ್ನ.

ಇಪ್ಪತ್ತಾರು ವರ್ಷ ನನ್ನದು ಒಂದೇ ಕೆಲಸ:
ಉತ್ತರ ತಪ್ಪಾದರೆ ಗುಂಡಿ ಒತ್ತುವುದು.
ಝೇಂಯ್—
ಆ ಸದ್ದು ಊರಿಗೆಲ್ಲ ಗೊತ್ತು, ಹೆಸರು ಗೊತ್ತಿಲ್ಲ.
ವರ್ನಾ ಸಾಬೊ. ಬರೆದುಕೋ.
ಕೋಟಿನ ಗುಂಡಿಗಿಂತ ಚೂರೇ ದೊಡ್ಡದು ನನ್ನ ಗುಂಡಿ;
ಅದರಲ್ಲಿ ಎಷ್ಟೊಂದು ಜನ ಬಿದ್ದರು!

ನಿಮ್ಮ ಪಟ್ಟಿಯಲ್ಲಿ ಹಲ್ಲು, ಸೂಟು, ಧ್ವನಿ, ಎಷ್ಟು ಸೀಸನ್ನು.
ನನ್ನ ಅಳತೆ ಬೇರೆ.
ಸದ್ದು ಮುಗಿದು ಅವನು ಬಾಯಿ ತೆರೆಯುವ ಮುಂಚೆ
ಒಂದು ಚೂರು ಹೊತ್ತು ಇರುತ್ತೆ.
ಅಷ್ಟರಲ್ಲಿ ಅವನ ಕೈ ಎಲ್ಲಿತ್ತು?

ರೆಕ್ಸ್ ಹ್ಯಾಲೊರನ್‌ನ ಕೈ ಅವನ ಟೈ ಮೇಲೆ.
ಸೋತವರ ಮುಖಕ್ಕಿಂತ ಮೊದಲು
ಮಾನಿಟರಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದ.
ನಗುವೋ, ಫ್ರಿಜ್ಜಿನ ಬಾಗಿಲು ತೆರೆದ ಹಾಗೆ:
ಬೆಳಕು ಬರುತ್ತೆ, ಜತೆಗೇ ಕೊರೆಯುವ ಗಾಳಿ.
ಯಾರ ಹೆಸರೂ ನೆನಪಿಡಲಿಲ್ಲ; ಹೆಂಗಸರೆಲ್ಲ ಅವನಿಗೆ 'ಚಿನ್ನ'.

ನಡುವೆ ಒಬ್ಬ ಹನ್ನೊಂದೇ ವಾರ ಇದ್ದ, ಮೇಸನ್ ಅಂತೇನೋ.
ಸೋತವರ ಜತೆ ತಾನೂ ಅಳುತ್ತಿದ್ದ.
ಪೌಡರು ಹಚ್ಚುವವಳಿಗೆ ಸಾಕುಸಾಕಾಯಿತು.
ಅವನು ಪಟ್ಟಿಗೆ ಬೇಡ.

ಡೆಲ್ಬರ್ಟ್ ಪೈನ್. ನಿಮ್ಮ ಪ್ರಶಸ್ತಿ ಅವನಿಗೇ, ನನಗೆ ಗೊತ್ತು.
ಸೋತವರ ಹೆಗಲ ಮೇಲೆ ಕೈ, ದನಿ ಬೆಣ್ಣೆ:
"ಎಷ್ಟು ಹತ್ತಿರ ಬಂದುಬಿಟ್ಟಿದ್ದಿರಿ!"
ಬಂದಿರುತ್ತಿರಲಿಲ್ಲ. ಆದರೂ ಜನ
ಗೆದ್ದವರ ಹಾಗೆ ಮೆಟ್ಟಿಲಿಳಿಯುತ್ತಿದ್ದರು.
ಅವನು ಸತ್ತಾಗ ಒಂದು ಸೇತುವೆಗೆ ಅವನ ಹೆಸರಿಟ್ಟರು.
ನಾನೂ ಹೋಗಿದ್ದೆ, ಒಳ್ಳೇ ಟೋಪಿ ಹಾಕಿಕೊಂಡು.

ಈಗ ಒಂದು ಹೇಳುತ್ತೇನೆ.
ಮಾರ್ಚ್, ಗುರುವಾರ. ಶಾಲೆ ಬಸ್ಸಿನ ಡ್ರೈವರು
ಲೋರೀನ್ ಪೆಟ್ಕೊ, ಹಸಿರು ಸ್ವೆಟರು, ಕಾರಿಗೆ ಒಂದೇ ಪ್ರಶ್ನೆ ಬಾಕಿ:
ಜೇನುನೊಣಕ್ಕೆ ಕಣ್ಣೆಷ್ಟು?
"ಐದು" ಅಂದಳು.
ನನ್ನ ಬೆರಳಿಗೆ ಎರಡೇ ಗೊತ್ತಿತ್ತು.
ಝೇಂಯ್—

ಪೈನ್ ಕೈಯ ಕಾರ್ಡಿನಲ್ಲೂ ಐದು ಅಂತಲೇ ಇತ್ತು.
ಕಾರ್ಡು ನೋಡಿದ. ತಲೆಯೆತ್ತಿ ಗಾಜಿನತ್ತ, ನನ್ನತ್ತ ನೋಡಿದ.
ಗಡಿಯಾರ ನೋಡಿದ: ಸೋಪಿನ ಜಾಹೀರಾತಿಗೆ ನಾಲ್ಕು ಸೆಕೆಂಡು.
ಆಮೇಲೆ ಅವಳ ಹೆಗಲ ಮೇಲೆ ಕೈ ಇಟ್ಟ.
ಬೆಣ್ಣೆ. ಎಷ್ಟು ಹತ್ತಿರ.
ಲೋರೀನ್ ಒಂದು ಇಸ್ತ್ರಿ ಪೆಟ್ಟಿಗೆ ಹಿಡಿದು,
ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಮನೆಗೆ ಹೋದಳು.

ನನ್ನನ್ನು ಉಳಿಸಿದ ಅನ್ನು, ಅವಳನ್ನು ಮುಳುಗಿಸಿದ ಅನ್ನು.
ಕಾರಿಡಾರಿನಲ್ಲಿ ಎದುರಾದಾಗ ಏನೂ ಅನ್ನಲಿಲ್ಲ.
ಕ್ರಿಸ್‌ಮಸ್ಸಿಗೆ ಮಾತ್ರ, ಪ್ರತಿ ವರ್ಷ,
ಒಂದು ಬಾಟಲಿ ಜೇನು ಕಳಿಸುತ್ತಿದ್ದ. ಚೀಟಿ ಇರುತ್ತಿರಲಿಲ್ಲ.
ತಮಾಷೆಯೋ, ಕ್ಷಮೆಯೋ, ಬಾಯಿಗೆ ಬೀಗವೋ,
ಕೊನೇತನಕ ತಿಳಿಯಲಿಲ್ಲ.
ತಿಂದೆ. ಚೆನ್ನಾಗಿಯೇ ಇತ್ತು.

ಹ್ಯಾಲೊರನ್ ಆಗಿದ್ದರೆ ಸುಮ್ಮನಿರುತ್ತಿರಲಿಲ್ಲ.
"ಗಾಜಿನ ಹಿಂದೆ ಯಾರೋ ಗೊರಕೆ ಹೊಡೀತಿದಾರೆ" ಅಂತ
ಇಡೀ ಓಹಾಯೊ ನಗೋ ಹಾಗೆ ಕೂಗುತ್ತಿದ್ದ.
ಮರುದಿನ ನನಗೆ ಕೆಲಸ ಇರುತ್ತಿರಲಿಲ್ಲ.
ಒಣಜಂಬದ ಮನುಷ್ಯ, ಈಗಲೂ ಹಾಗೇ ಅಂತೀನಿ.
ಕಾರು ಮಾತ್ರ ಅವಳಿಗೆ ಸಿಗುತ್ತಿತ್ತು.

ಶೈಲಿ ಅಂತೀಯ. ಬಿಟ್ಟುಹೋದದ್ದೇನು ಅಂತೀಯ.
ಆ ಸೇತುವೆ ಮೇಲೆ ಬೆಳಿಗ್ಗೆ ಏಳೂವರೆಗೆ
ಹಳದಿ ಬಸ್ಸುಗಳು ಸಾಲಾಗಿ ಹೋಗುತ್ತವೆ;
ಡ್ರೈವರುಗಳ ಮುಖ ಇಲ್ಲಿಂದ ಕಾಣಿಸುವುದಿಲ್ಲ.
ಹೂಂ, ಪೈನ್ ಅಂತಲೇ ಬರೆದುಕೋ. ಬೇಡ, ತಡಿ.

ಕಾಫಿ ಆರಿಹೋಯಿತು. ಮೈಕ್ರೋವೇವಿನಲ್ಲಿಡು, ಮೂವತ್ತು ಸೆಕೆಂಡು.
ಮುಗಿದಾಗ ಅದೂ ಕೂಗುತ್ತೆ.
ನಾನು ಬೆಚ್ಚಿಬಿದ್ದರೆ
ಅದನ್ನು ಬರೆದುಕೊಳ್ಳಬೇಡ.